ಹಂಪಿ ಉತ್ಸವದ ದಿನಗಳಲ್ಲಿ ಕಮಲಾಪುರದ ವಸ್ತುಸಂಗ್ರಹಾಲಯ ಮತ್ತು ಸ್ಮಾರಕಗಳನ್ನು ಯಾವ ಕ್ರಮದಲ್ಲಿ ನೋಡುವುದು ಒಳ್ಳೆಯದು?

ಪ್ರಶ್ನೆ: ಮಲೆನಾಡಿಗ

ಎಲ್ಲರಿಗೂ ನಮಸ್ಕಾರ.

ಮುಂದಿನ ಹಂಪಿ ಉತ್ಸವಕ್ಕೆ ಕುಟುಂಬ ಸಮೇತ ಹೋಗಬೇಕೆಂದು ನಿಶ್ಚಯಿಸಿದ್ದೇವೆ. ಎಪ್ಪತ್ತು ದಾಟಿದ ತಂದೆ ತಾಯಿ, ಒಂಬತ್ತನೆಯ ತರಗತಿಯ ಮಗಳು, ನನ್ನ ಪತ್ನಿ ಮತ್ತು ನಾನು, ಹೀಗೆ ಐದು ಜನರಿದ್ದೇವೆ. ಹೊಸಪೇಟೆಯಲ್ಲಿ ಉಳಿದುಕೊಂಡು ಉತ್ಸವದ ಮೂರು ದಿನವೂ ಹಂಪಿಗೆ ಓಡಾಡುವ ಆಲೋಚನೆಯಿದೆ. ತಾಯಿಯವರಿಗೆ ವಿರೂಪಾಕ್ಷನ ದರ್ಶನ ಮುಖ್ಯ. ತಂದೆಯವರು ನಿವೃತ್ತ ಕನ್ನಡ ಉಪನ್ಯಾಸಕರು, ಶಾಸನಗಳೆಂದರೆ ಅವರಿಗೆ ಬಹಳ ಆಸಕ್ತಿ, ಆದರೆ ಮೊಣಕಾಲು ನೋವಿನಿಂದಾಗಿ ಎತ್ತರದ ಮೆಟ್ಟಿಲುಗಳನ್ನು ಹತ್ತಲಾರರು. ಮಗಳಿಗೆ ಶಾಲೆಯಲ್ಲಿ ವಿಜಯನಗರದ ಪಾಠ ಈಗಷ್ಟೇ ಮುಗಿದಿದೆ.

ನನ್ನ ಗೊಂದಲ ಇಷ್ಟೇ. ಉತ್ಸವವೆಂದರೆ ಸಂಜೆಯ ಸಂಗೀತ, ನೃತ್ಯ, ಮೆರವಣಿಗೆ, ಜನಜಂಗುಳಿ ಎಂದೇ ಹೆಚ್ಚಿನವರು ಹೇಳುತ್ತಾರೆ. ಹಗಲಿನಲ್ಲಿ ಸ್ಮಾರಕಗಳನ್ನು ನೆಮ್ಮದಿಯಾಗಿ ನೋಡಲು ಸಾಧ್ಯವೇ? ಕಮಲಾಪುರದ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಅರ್ಧ ದಿನ ಮೀಸಲಿಡುವಷ್ಟು ಸಾಮಗ್ರಿ ಅಲ್ಲಿದೆಯೇ, ಮತ್ತು ಅದನ್ನು ಸ್ಮಾರಕಗಳಿಗಿಂತ ಮೊದಲು ನೋಡಬೇಕೇ ಅಥವಾ ಕೊನೆಯಲ್ಲೇ? ಹೋಗಿ ಬಂದವರು, ವಿಶೇಷವಾಗಿ ಆ ಭಾಗದವರು, ದಯವಿಟ್ಟು ತಿಳಿಸಿ.

ಉತ್ತರ: ಹೊಸಪೇಟೆ ನಿವಾಸಿ

ನಮಸ್ಕಾರ. ಕ್ರಮದ ವಿಚಾರಕ್ಕೆ ಹೋಗುವ ಮೊದಲು ವಾರದ ವಿಚಾರವೊಂದನ್ನು ಹೇಳಬೇಕು, ಏಕೆಂದರೆ ಹೊರಗಿನಿಂದ ಬರುವ ಹೆಚ್ಚಿನವರು ಎಡವುವುದು ಇಲ್ಲಿಯೇ. ಕಮಲಾಪುರದ ವಸ್ತುಸಂಗ್ರಹಾಲಯ ಕೇಂದ್ರ ಪುರಾತತ್ವ ಇಲಾಖೆಗೆ ಸೇರಿದ್ದು, ಅದರ ವಾರದ ರಜೆ ಶುಕ್ರವಾರ. ಉತ್ಸವವೂ ಈಚಿನ ವರ್ಷಗಳಲ್ಲಿ ಶುಕ್ರವಾರವೇ ಆರಂಭವಾಗುತ್ತಿದೆ: 2023ರಲ್ಲಿ ಜನವರಿ 27, 2024ರಲ್ಲಿ ಫೆಬ್ರುವರಿ 2, 2025ರಲ್ಲಿ ಫೆಬ್ರುವರಿ 28, ಮೂರೂ ಶುಕ್ರವಾರಗಳೇ. ಮೊದಲ ದಿನ ಬೆಳಿಗ್ಗೆ ಇಳಿದು ನೇರವಾಗಿ ವಸ್ತುಸಂಗ್ರಹಾಲಯಕ್ಕೆ ಹೋಗೋಣವೆಂದುಕೊಂಡವರು ಮುಚ್ಚಿದ ಬಾಗಿಲನ್ನು ನೋಡಿಕೊಂಡು ಹಿಂತಿರುಗಬೇಕಾಗುತ್ತದೆ. ಹಿಂದೆ ಉತ್ಸವ ನವೆಂಬರ್ ಮೊದಲ ವಾರದಲ್ಲಿ ನಡೆಯುತ್ತಿದ್ದುದರಿಂದ ಹಳೆಯ ಪ್ರವಾಸಿ ಪುಸ್ತಿಕೆಗಳಲ್ಲಿ ಆ ತಿಂಗಳೇ ಅಚ್ಚಾಗಿರುತ್ತದೆ. ಅದನ್ನು ನಂಬಿ ಕೊಠಡಿ ಕಾದಿರಿಸಬೇಡಿ. ಜಿಲ್ಲಾಡಳಿತ ದಿನಾಂಕ ಪ್ರಕಟಿಸುವವರೆಗೂ ತಾಳ್ಮೆಯಿಂದಿರಿ.

ಹಾಗಾಗಿ ಶುಕ್ರವಾರವನ್ನು ಟಿಕೆಟ್ ಬೇಡದ ಜಾಗಗಳಿಗೆ ಇಟ್ಟುಕೊಳ್ಳಿ. ವಿರೂಪಾಕ್ಷ ದೇವಸ್ಥಾನ, ಹೇಮಕೂಟದ ತಪ್ಪಲು, ಕಡಲೆಕಾಳು ಮತ್ತು ಸಾಸಿವೆಕಾಳು ಗಣಪತಿ, ಕೃಷ್ಣ ದೇವಾಲಯ, ಉಗ್ರ ನರಸಿಂಹ, ಬಡವಿಲಿಂಗ ಇವೆಲ್ಲವೂ ಒಂದಕ್ಕೊಂದು ಹತ್ತಿರದಲ್ಲಿವೆ. ತಾಯಿಯವರ ದರ್ಶನ ಅಂದೇ ಬೆಳಿಗ್ಗೆ ಬೇಗ ಮುಗಿದುಹೋಗಲಿ, ಏಕೆಂದರೆ ಮಧ್ಯಾಹ್ನದ ನಂತರ ಉದ್ಘಾಟನೆಯ ಸಿದ್ಧತೆ, ಗಣ್ಯರ ವಾಹನಗಳು, ಪೊಲೀಸರ ತಡೆಗಳು ಎಲ್ಲವೂ ಆರಂಭವಾಗುತ್ತವೆ.

ಶನಿವಾರ ಟಿಕೆಟ್ ಇರುವ ಜಾಗಗಳು. ವಿಜಯ ವಿಠ್ಠಲ ದೇವಾಲಯ, ಕಮಲ ಮಹಲ್ ಮತ್ತು ಗಜಶಾಲೆಗಳಿರುವ ಜನಾನಾ ಆವರಣ, ಹಾಗೂ ವಸ್ತುಸಂಗ್ರಹಾಲಯ, ಈ ಮೂರಕ್ಕೂ ಸೇರಿ ಒಂದೇ ಟಿಕೆಟ್. ಭಾರತೀಯರಿಗೆ 40 ರೂಪಾಯಿ, ಹದಿನೈದು ವರ್ಷದೊಳಗಿನವರಿಗೆ ಉಚಿತ. ಆದರೆ ಅದು ಆ ದಿನಕ್ಕೆ ಮಾತ್ರ ಸಲ್ಲುತ್ತದೆ. ಆದ್ದರಿಂದ ಮೂರನ್ನೂ ಒಂದೇ ದಿನದಲ್ಲಿ ಹೊಂದಿಸಿಕೊಳ್ಳುವುದು ಜಾಣತನ. ವಿಠ್ಠಲ ದೇವಾಲಯಕ್ಕೆ ನಿಮ್ಮ ವಾಹನ ಹೋಗುವುದಿಲ್ಲ. ಗೆಜ್ಜಲ ಮಂಟಪದ ಬಳಿ ನಿಲ್ಲಿಸಿ, ಅಲ್ಲಿಂದ ಸುಮಾರು ಒಂದು ಕಿಲೋಮೀಟರ್ ದೂರವನ್ನು ಬ್ಯಾಟರಿ ವಾಹನದಲ್ಲಿ ಕ್ರಮಿಸಬೇಕು. ಉತ್ಸವದ ಶನಿವಾರ ಬಿಸಿಲೇರಿದ ಮೇಲೆ ಆ ವಾಹನದ ಸಾಲು ಎಷ್ಟು ಉದ್ದವಿರುತ್ತದೆಂಬುದನ್ನು ಊಹಿಸಿಕೊಳ್ಳಿ. ಬಾಗಿಲು ತೆರೆಯುವ ಹೊತ್ತಿಗೇ ವಿಠ್ಠಲ ದೇವಾಲಯದಲ್ಲಿದ್ದು, ಬಿಸಿಲು ಏರಿದಾಗ ವಸ್ತುಸಂಗ್ರಹಾಲಯದ ನೆರಳಿಗೆ ಬಂದರೆ ಹಿರಿಯರಿಗೆ ಆಯಾಸ ಕಡಿಮೆ.

ಸಂಜೆಯ ಕಾರ್ಯಕ್ರಮಗಳ ಮುಖ್ಯ ವೇದಿಕೆ ಗಾಯತ್ರಿ ಪೀಠದ ಬಯಲಿನಲ್ಲಿರುತ್ತದೆ. 1980ರ ದಶಕದಲ್ಲಿ ಈ ಉತ್ಸವಕ್ಕೆ ರೂಪ ಕೊಟ್ಟ ಎಂ. ಪಿ. ಪ್ರಕಾಶ್ ಅವರ ಹೆಸರನ್ನೇ ಅದಕ್ಕೆ ಇಡುತ್ತಾರೆ. ಸಿನಿಮಾ ಗಾಯಕರು ಬರುವುದು ಅಲ್ಲಿಗೆ, ಜನ ನುಗ್ಗುವುದೂ ಅಲ್ಲಿಗೆ. ನಿಮ್ಮ ತಂದೆಯವರಿಗೆ ಎದುರು ಬಸವಣ್ಣ ವೇದಿಕೆಯಂತಹ ಸಣ್ಣ ವೇದಿಕೆಗಳೇ ಹಿತವೆನಿಸಬಹುದು. ಶಾಸ್ತ್ರೀಯ ಸಂಗೀತ, ಜಾನಪದ, ಬಯಲಾಟಗಳು ಸಾಮಾನ್ಯವಾಗಿ ಅಂಥ ಕಡೆಗಳಲ್ಲಿ ನಡೆಯುತ್ತವೆ, ಕೂರಲು ಜಾಗವೂ ಸಿಗುತ್ತದೆ.

ಉತ್ತರ: ಇತಿಹಾಸ ಅಧ್ಯಾಪಕಿ

ವಸ್ತುಸಂಗ್ರಹಾಲಯಕ್ಕೆ ಅರ್ಧ ದಿನ ಬೇಕಾಗುವುದಿಲ್ಲ, ಒಂದೂವರೆ ಗಂಟೆ ಸಾಕು. ಆದರೆ ಆ ಒಂದೂವರೆ ಗಂಟೆ ಸ್ಮಾರಕಗಳಿಗಿಂತ ಮೊದಲೇ ಆಗಬೇಕೆಂಬುದು ನನ್ನ ಅಭಿಪ್ರಾಯ. ಶುಕ್ರವಾರದ ತೊಡಕು ನಿಜ, ಆದ್ದರಿಂದ ಸಾಧ್ಯವಿದ್ದರೆ ಗುರುವಾರ ಮಧ್ಯಾಹ್ನವೇ ಊರು ಸೇರಿ ಸಂಜೆ ಐದರೊಳಗೆ ಅದನ್ನು ನೋಡಿಬಿಡಿ.

ಕಾರಣ ಹೇಳುತ್ತೇನೆ. ವಿಶ್ವ ಪರಂಪರೆ ತಾಣವಾಗಿ 1986ರಲ್ಲಿ ಪಟ್ಟಿಗೆ ಸೇರಿದ ಹಂಪಿಯ ವಿಸ್ತಾರ 4,187 ಹೆಕ್ಟೇರ್. ರಸ್ತೆಯಲ್ಲಿ ಸಾಗುವವರಿಗೆ ಬಂಡೆಗಳ ನಡುವೆ ಒಂದು ಗುಡಿ, ಆಮೇಲೆ ಬಾಳೆ ತೋಟ, ಆಮೇಲೆ ಒಂದು ಕೋಟೆ ಬಾಗಿಲು, ಹೀಗೆ ಬಿಡಿ ಬಿಡಿಯಾಗಿಯೇ ಎಲ್ಲವೂ ಕಾಣುತ್ತದೆ. ಇದೊಂದು ರಾಜಧಾನಿಯಾಗಿತ್ತೆಂಬುದು ಮನಸ್ಸಿಗೆ ಇಳಿಯುವುದೇ ಇಲ್ಲ. ವಸ್ತುಸಂಗ್ರಹಾಲಯದ ಅಂಗಳದಲ್ಲಿ ಇಡೀ ಹಂಪಿಯ ಮಾದರಿಯೊಂದಿದೆ. ತುಂಗಭದ್ರೆ, ಬೆಟ್ಟಗಳು, ಕೋಟೆಯ ಸಾಲುಗಳು, ದೇವಾಲಯಗಳು ಎಲ್ಲವನ್ನೂ ನೆಲದ ಮೇಲೆ ಅಳತೆಗೆ ತಕ್ಕಂತೆ ಕಟ್ಟಿದ್ದಾರೆ, ಸುತ್ತಲೂ ನಡೆದು ನೋಡಬಹುದು. ನದಿಯ ದಂಡೆಯುದ್ದಕ್ಕೂ ದೇವಾಲಯಗಳ ಪ್ರದೇಶ, ನಡುವೆ ಕಾಲುವೆ ಮತ್ತು ಗದ್ದೆಗಳು, ದಕ್ಷಿಣಕ್ಕೆ ಅರಮನೆಗಳ ಪ್ರದೇಶ ಎಂಬ ನಗರದ ವಿನ್ಯಾಸ ಮಗಳಿಗೆ ಅಲ್ಲಿ ಒಂದೇ ನೋಟಕ್ಕೆ ಅರ್ಥವಾಗುತ್ತದೆ. ತಂದೆಯವರು ಮಾತಂಗ ಬೆಟ್ಟವನ್ನು ಹತ್ತಲಾರರು. ಅದರ ತುದಿಯಿಂದ ಕಾಣುವ ಭೂದೃಶ್ಯವನ್ನು ಅವರು ಈ ಅಂಗಳದಲ್ಲೇ ನೋಡಬಹುದು.

ಒಳಗೆ ಭೈರವ, ಭಿಕ್ಷಾಟನ ಮೂರ್ತಿ, ಮಹಿಷಮರ್ದಿನಿ, ಗಣಪತಿ ಮುಂತಾದ ಶಿಲ್ಪಗಳೂ ಆಯುಧಗಳೂ ತಾಮ್ರಶಾಸನಗಳೂ ನಾಣ್ಯಗಳೂ ಇವೆ. ವೀರಗಲ್ಲು, ಮಾಸ್ತಿಗಲ್ಲುಗಳೂ ಇವೆ. ಬ್ರಿಟಿಷ್ ಅಧಿಕಾರಿಗಳು ಇಂತಹ ಶಿಲ್ಪಗಳನ್ನು ಮೊದಲು ಕೂಡಿಹಾಕಿದ್ದು ಗಜಶಾಲೆಯಲ್ಲಿ. ಈಗಿನ ಕಟ್ಟಡಕ್ಕೆ ಸಂಗ್ರಹ ಬಂದದ್ದು 1972ರಲ್ಲಿ. ಎಲ್ಲರೂ ಬೇಗ ದಾಟಿ ಹೋಗುವ ಉತ್ಖನನದ ವಸ್ತುಗಳ ಎದುರು ಮಗಳನ್ನು ಸ್ವಲ್ಪ ಹೊತ್ತು ನಿಲ್ಲಿಸಿ. ಗಾರೆ ಶಿಲ್ಪದ ತುಣುಕುಗಳು, ಕಬ್ಬಿಣದ ಸಾಮಾನುಗಳು, ಪಿಂಗಾಣಿಯ ಚೂರುಗಳು ನೋಡಲು ಅಂಥ ಸೊಗಸಾಗಿಲ್ಲ. ಆದರೂ ಅರಮನೆಯ ಊಟದ ತಟ್ಟೆಗಳು ಚೀನಾದಿಂದ ಸಮುದ್ರ ದಾಟಿ, ಘಟ್ಟ ಹತ್ತಿ ಈ ಬಂಡೆಗಳ ನಾಡಿಗೆ ಬರುತ್ತಿದ್ದವೆಂಬುದಕ್ಕೆ ಆ ಚೂರುಗಳಿಗಿಂತ ಒಳ್ಳೆಯ ಪುರಾವೆ ಪಠ್ಯಪುಸ್ತಕದಲ್ಲಿ ಸಿಗುವುದಿಲ್ಲ.

ನಾಣ್ಯಗಳ ಬಗ್ಗೆ ಒಂದು ಮಾತು. ಗಜಪತಿಗಳಿಂದ ಉದಯಗಿರಿಯನ್ನು ಗೆದ್ದ ಕೃಷ್ಣದೇವರಾಯ ಅಲ್ಲಿಂದ ಬಾಲಕೃಷ್ಣನ ವಿಗ್ರಹವನ್ನು ತಂದು ಹಂಪಿಯಲ್ಲಿ ದೇವಾಲಯ ಕಟ್ಟಿಸಿ ಪ್ರತಿಷ್ಠಾಪಿಸಿದ. 1515ರ ಶಾಸನ ಆ ದೇವಾಲಯದಲ್ಲೇ ಇದೆ, ನಿಮ್ಮ ತಂದೆಯವರಿಗೆ ತಪ್ಪದೆ ತೋರಿಸಿ. ಅದೇ ಬಾಲಕೃಷ್ಣನನ್ನು ಅವನು ತನ್ನ ಚಿನ್ನದ ನಾಣ್ಯದ ಮೇಲೂ ಮುದ್ರಿಸಿದ. ಪೂರ್ವದ ಗೋಪುರದ ಗಾರೆ ಕೆಲಸದಲ್ಲಿ ಆ ಯುದ್ಧದ ಸೈನಿಕರು, ಕುದುರೆಗಳು ಇನ್ನೂ ಕಾಣುತ್ತವೆ. ಗರ್ಭಗುಡಿ ಮಾತ್ರ ಬರಿದಾಗಿದೆ. ವಿಗ್ರಹ ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಒಂದೇ ಯುದ್ಧದ ನೆನಪು ಕಲ್ಲು, ಗಾರೆ, ಚಿನ್ನ ಮೂರರಲ್ಲೂ ಉಳಿದಿರುವುದು ಅಪರೂಪ.

ಉತ್ತರ: ಶಿಲಾಸಾಕ್ಷಿ

ಅಧ್ಯಾಪಕಿಯವರ ಮಾತುಗಳನ್ನು ಗೌರವಿಸುತ್ತಲೇ ಕ್ರಮದ ವಿಷಯದಲ್ಲಿ ನಾನು ಭಿನ್ನವಾಗಿ ಯೋಚಿಸುತ್ತೇನೆ. ಅಂಗಳದ ಮಾದರಿಯನ್ನು ಮೊದಲು ನೋಡುವುದು ಸರಿಯೇ, ಆದರೆ ಶಿಲ್ಪಗಳನ್ನು ಕೊನೆಗೆ ನೋಡಬೇಕು. ಈಗ ಅವರೇ ಹೇಳಿದ ಕೃಷ್ಣ ದೇವಾಲಯದ ಬರಿದಾದ ಗರ್ಭಗುಡಿಯ ಮುಂದೆ, ವಿಠ್ಠಲನಿಲ್ಲದ ವಿಠ್ಠಲ ದೇವಾಲಯದ ಕತ್ತಲೆಯ ಮುಂದೆ ಒಮ್ಮೆ ನಿಂತು ಬಂದವರಿಗೆ ಮಾತ್ರ ವಸ್ತುಸಂಗ್ರಹಾಲಯದ ಪೀಠದ ಮೇಲಿರುವ ಮೂರ್ತಿ ಯಾವ ಕೊರತೆಯನ್ನು ಹೇಳುತ್ತಿದೆ ಎಂಬುದು ತಿಳಿಯುತ್ತದೆ. ಮೊದಲೇ ನೋಡಿದರೆ ಅವು ಬರೀ ಸಾಲಾಗಿಟ್ಟ ಶಿಲ್ಪಗಳು, ಫಲಕ ಓದಿ ಮುಂದೆ ಹೋಗುತ್ತೀರಿ.

ಇನ್ನು ಉತ್ಸವದ ದಿನಗಳಲ್ಲೇ ಸ್ಮಾರಕಗಳನ್ನು ನೋಡುವ ವಿಚಾರ. ಇದರ ಬಗ್ಗೆ ನನಗೆ ತಕರಾರಿದೆ, ನೇರವಾಗಿಯೇ ಹೇಳುತ್ತೇನೆ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶವೆಂದೂ ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶವೆಂದೂ ಕೇಂದ್ರದ ಕಾನೂನು ಹೇಳುತ್ತದೆ. ಊರಿನವರು ಮನೆಗೆ ಒಂದು ಕೋಣೆ ಸೇರಿಸಲು ಅನುಮತಿಗಾಗಿ ಅಲೆಯಬೇಕು. ಉತ್ಸವ ಬಂದಾಗ ಮಾತ್ರ ಮಂಟಪಗಳ ಆಸುಪಾಸಿನಲ್ಲಿ ತಾತ್ಕಾಲಿಕವೆಂಬ ಹೆಸರಿನಲ್ಲಿ ವೇದಿಕೆಗಳು ಏಳುತ್ತವೆ, ಧ್ವನಿವರ್ಧಕಗಳು ಗುಡುಗುತ್ತವೆ. ಹಂಪಿಯ ಕಲ್ಲು ಗಟ್ಟಿ, ಆದರೆ ಅದನ್ನು ಹೊತ್ತ ಜೋಡಣೆ ಗಟ್ಟಿಯಲ್ಲ. 2024ರ ಮೇ ತಿಂಗಳ ಮಳೆಗೆ ವಿರೂಪಾಕ್ಷ ಬಜಾರಿನ ಸಾಲು ಮಂಟಪದ ಒಂದು ಭಾಗ ಕುಸಿದದ್ದನ್ನು ಎಲ್ಲರೂ ನೋಡಿದ್ದೇವೆ. ಅದಕ್ಕೂ ಮೊದಲು, ಕಂಬವೊಂದನ್ನು ಉರುಳಿಸಿ ಅದರ ದೃಶ್ಯವನ್ನು ಹರಿಯಬಿಟ್ಟಿದ್ದ ಯುವಕರಿಗೆ 2019ರಲ್ಲಿ ನ್ಯಾಯಾಲಯ ತಲಾ 70,000 ರೂಪಾಯಿ ದಂಡ ವಿಧಿಸಿ, ಅವರ ಕೈಯಿಂದಲೇ ಆ ಕಂಬವನ್ನು ಎತ್ತಿ ನಿಲ್ಲಿಸಿತು. ಕಾವಲು ಕಡಿಮೆ, ಜನ ಹೆಚ್ಚು ಎಂಬ ಸ್ಥಿತಿ ಉತ್ಸವದಲ್ಲಿ ಮೂರು ದಿನ ನಿರಂತರವಾಗಿರುತ್ತದೆ.

ವಿಠ್ಠಲ ದೇವಾಲಯದಲ್ಲಿ ಒಂದು ಸಣ್ಣ ಸಂಗತಿಯನ್ನು ಗಮನಿಸಿ. 50 ರೂಪಾಯಿ ನೋಟಿನ ಮೇಲಿರುವ ಕಲ್ಲಿನ ರಥದ ಮುಂದೆ ಇಂದು ಎರಡು ಆನೆಗಳಿವೆ. ಅವು ಮೂಲದವಲ್ಲ, ಬೇರೆಡೆಯಿಂದ ತಂದು ಇಟ್ಟವು. ತಡೆಯ ಈಚೆಯಿಂದಲೇ ಸ್ವಲ್ಪ ಬಾಗಿ ಆನೆಗಳ ಹಿಂಬದಿಯನ್ನು ನೋಡಿದರೆ ಕುದುರೆಗಳ ಹಿಂಗಾಲು ಮತ್ತು ಬಾಲದ ಗುರುತುಗಳು ಕಾಣುತ್ತವೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಛಾಯಾಚಿತ್ರದಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರವೂ ಇದೆ, ಈಗ ಅದಿಲ್ಲ. ಆ ಹಳೆಯ ಚಿತ್ರವನ್ನು ಫೋನಿನಲ್ಲಿ ಇಳಿಸಿಕೊಂಡು ಹೋಗಿ, ರಥದ ಮುಂದೆ ಹಿಡಿದು ಮಗಳಿಗೆ ತೋರಿಸಿ. ಸಂಗೀತ ಕಂಬಗಳನ್ನು ತಟ್ಟಿ ತೋರಿಸುತ್ತೇನೆಂದು ಯಾರಾದರೂ ಮುಂದೆ ಬಂದರೆ ಒಪ್ಪಬೇಡಿ. ಐವತ್ತಾರು ಕಂಬಗಳ ಆ ರಂಗಮಂಟಪ ಬೆರಳು, ಉಂಗುರಗಳ ಪೆಟ್ಟನ್ನು ಈಗಾಗಲೇ ಸಾಕಷ್ಟು ತಿಂದಿದೆ.

ಒಟ್ಟಿನಲ್ಲಿ ಉತ್ಸವವನ್ನು ನೋಡಲೇಬೇಕೆಂಬ ಹಟವಿಲ್ಲದಿದ್ದರೆ, ಅದು ಮುಗಿದ ಮುಂದಿನ ವಾರ ಹೋಗುವುದು ಒಳ್ಳೆಯದು.

ಮರುಮಾತು: ಮಲೆನಾಡಿಗ

ಮೂವರಿಗೂ ಕೃತಜ್ಞತೆಗಳು. ಶುಕ್ರವಾರದ ರಜೆಯ ವಿಷಯ ನಮ್ಮ ಗಮನಕ್ಕೇ ಬಂದಿರಲಿಲ್ಲ. ಶಿಲಾಸಾಕ್ಷಿಯವರ ಕಳವಳ ಅರ್ಥವಾಗುತ್ತದೆ, ಆದರೆ ಮಗಳ ಪರೀಕ್ಷೆಗಳಿಂದಾಗಿ ದಿನಾಂಕ ಬದಲಿಸುವಂತಿಲ್ಲ. ಮೆರವಣಿಗೆಯನ್ನು ನೋಡಬೇಕೆಂಬ ಆಸೆ ತಾಯಿಯವರಿಗೂ ಇದೆ. ಇನ್ನೊಂದು ಪ್ರಶ್ನೆ: ಉತ್ಸವಕ್ಕೂ ಹಳೆಯ ವಿಜಯನಗರದ ಮಹಾನವಮಿಗೂ ಸಂಬಂಧವಿದೆಯೆಂದು ಮಗಳು ಶಾಲೆಯಲ್ಲಿ ಕೇಳಿ ಬಂದಿದ್ದಾಳೆ. ಅದನ್ನು ಸ್ಮಾರಕಗಳಲ್ಲಿ ಎಲ್ಲಿಯಾದರೂ ನೋಡಲು ಸಾಧ್ಯವೇ? ಆನೆಗೊಂದಿಯನ್ನೂ ಸೇರಿಸಿಕೊಳ್ಳಬಹುದೇ?

ಉತ್ತರ: ಇತಿಹಾಸ ಅಧ್ಯಾಪಕಿ

ಖಂಡಿತ ಸಾಧ್ಯ, ಮತ್ತು ನಿಮ್ಮ ಪ್ರವಾಸದ ಅತ್ಯಂತ ಮುಖ್ಯ ಭಾಗ ಅದೇ ಆಗಬಹುದು. ಇಂದಿನ ಉತ್ಸವ ಸರ್ಕಾರ ರೂಪಿಸಿದ್ದು, ಹಳೆಯ ಮಹಾನವಮಿಯ ಅವಿಚ್ಛಿನ್ನ ಪರಂಪರೆಯೇನಲ್ಲ. ಇದನ್ನು ಮಗಳಿಗೆ ಸ್ಪಷ್ಟವಾಗಿ ತಿಳಿಸಿ. ಆದರೆ ಹಳೆಯ ಹಬ್ಬದ ವೇದಿಕೆ ಇನ್ನೂ ನಿಂತಿದೆ. ಸುಮಾರು ಎಂಟು ಮೀಟರ್ ಎತ್ತರದ ಮಹಾನವಮಿ ದಿಬ್ಬಕ್ಕೆ ಟಿಕೆಟ್ ಇಲ್ಲ. 1443ರಲ್ಲಿ ಎರಡನೆಯ ದೇವರಾಯನ ಕಾಲದಲ್ಲಿ ಬಂದಿದ್ದ ಪರ್ಷಿಯದ ರಾಯಭಾರಿ ಅಬ್ದುರ್ ರಜಾಕ್ ಈ ನಗರದ ಹಬ್ಬವನ್ನು ವರ್ಣಿಸಿದ್ದಾನೆ. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಒಂಬತ್ತು ದಿನಗಳ ಮಹಾನವಮಿಯನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ನರ್ತಕಿಯರು, ಜಟ್ಟಿಗಳ ಕಾಳಗ, ಸಿಂಗರಿಸಿದ ಆನೆ ಕುದುರೆಗಳು, ಬಾಣಬಿರುಸುಗಳು, ಕೊನೆಗೆ ಸೈನ್ಯದ ಸಮೀಕ್ಷೆ, ಇವೆಲ್ಲ ಅವನ ಬರಹದಲ್ಲಿವೆ.

ತಂದೆಯವರು ದಿಬ್ಬವನ್ನು ಹತ್ತಬೇಕಿಲ್ಲ. ನೋಡಬೇಕಾದ ಶಿಲ್ಪಗಳಿರುವುದು ಕೆಳಗಿನ ಪಟ್ಟಿಕೆಗಳಲ್ಲೇ. ದಿಬ್ಬವನ್ನು ಒಂದು ಸುತ್ತು ಬಂದರೆ ಸಾಕು. ಆನೆಗಳ ಸಾಲು, ಒಂಟೆಗಳು, ಬೇಟೆಯ ದೃಶ್ಯಗಳು, ಬಿಲ್ಲು ಹಿಡಿದ ಸ್ತ್ರೀಯರು, ವಸಂತೋತ್ಸವದ ಓಕುಳಿ, ಉದ್ದ ಟೋಪಿ ಧರಿಸಿದ ವಿದೇಶೀಯರು ಎಲ್ಲರೂ ಅಲ್ಲಿದ್ದಾರೆ. ಬೆಳಗಿನ ಓರೆ ಬಿಸಿಲಿನಲ್ಲಿ ಈ ಉಬ್ಬು ಶಿಲ್ಪಗಳು ಸ್ಪಷ್ಟವಾಗಿ ಕಾಣುತ್ತವೆ. ನೆತ್ತಿಯ ಬಿಸಿಲಿಗೆ ಕಲ್ಲು ಚಪ್ಪಟೆಯಾಗಿ ಕಾಣುವುದರಿಂದ ಮಧ್ಯಾಹ್ನ ಹೋಗಬೇಡಿ. ಅಲ್ಲಿಂದ ಹತ್ತಿರದಲ್ಲೇ ಇರುವ ಹಜಾರ ರಾಮ ದೇವಾಲಯದ ಪ್ರಾಕಾರದ ಗೋಡೆಯನ್ನೂ ನೋಡಿ. ಆನೆ, ಕುದುರೆ, ಸೈನಿಕರು, ನರ್ತಕಿಯರು ಒಂದರ ಮೇಲೊಂದರಂತೆ ಅಡ್ಡ ಸಾಲುಗಳಲ್ಲಿ ಸಾಗುತ್ತಾರೆ. ಇದರಲ್ಲಿ ಮಹಾನವಮಿಯ ಮೆರವಣಿಗೆಯ ಛಾಯೆಯಿದೆಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಸಂಜೆ ತಾಯಿಯವರೊಂದಿಗೆ ನಿಜವಾದ ಮೆರವಣಿಗೆ ನೋಡುವಾಗ ಮಗಳು ತಾನಾಗಿಯೇ ಎರಡನ್ನೂ ಹೋಲಿಸಿಕೊಳ್ಳುತ್ತಾಳೆ.

ದಿಬ್ಬದ ಬಳಿಯ ಮೆಟ್ಟಿಲುಗಳ ಪುಷ್ಕರಣಿ 1980ರ ದಶಕದ ಉತ್ಖನನದಲ್ಲಿ ಹೊರಬಂದದ್ದು. ಅದರ ಕಪ್ಪು ಕಲ್ಲುಗಳ ಮೇಲೆ ಅವು ಯಾವ ದಿಕ್ಕಿಗೆ, ಯಾವ ಸಾಲಿಗೆ ಸೇರಬೇಕೆಂಬ ಗುರುತುಗಳನ್ನು ಕಲ್ಲುಕುಟಿಗರು ಕೆತ್ತಿದ್ದಾರೆ. ಶಾಸನಪ್ರಿಯರಾದ ನಿಮ್ಮ ತಂದೆಯವರಿಗೆ ಇದು ರಾಜರ ಶಾಸನಗಳಿಗಿಂತಲೂ ಹೆಚ್ಚು ಇಷ್ಟವಾಗಬಹುದು. ರಾಜರದ್ದೇ ಬೇಕೆಂದರೆ ವಿರೂಪಾಕ್ಷ ದೇವಾಲಯದ ರಂಗಮಂಟಪದ ಬಳಿ ಕೃಷ್ಣದೇವರಾಯನ ಪಟ್ಟಾಭಿಷೇಕಕ್ಕೆ ಸಂಬಂಧಿಸಿದ 1510ರ ಶಾಸನವಿದೆ. ಅದೇ ಮಂಟಪದ ಛಾವಣಿಯಲ್ಲಿ ವಿದ್ಯಾರಣ್ಯರ ಪಲ್ಲಕ್ಕಿ ಮೆರವಣಿಗೆಯ ವರ್ಣಚಿತ್ರವಿದೆ, ಕತ್ತೆತ್ತಿ ನೋಡಲು ಮರೆಯಬೇಡಿ.

ಉತ್ತರ: ಹೊಸಪೇಟೆ ನಿವಾಸಿ

ಆನೆಗೊಂದಿಯ ಬಗ್ಗೆ: ಅದು ನದಿಯಾಚೆ, ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿಗೆ ಸೇರಿದ ಊರು. ಅಲ್ಲಿ ಆನೆಗೊಂದಿ ಉತ್ಸವವೆಂದು ಬೇರೆಯದೇ ಉತ್ಸವ ನಡೆಯುತ್ತದೆ. ತಳವಾರ ಘಟ್ಟದ ಬಳಿ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದುಬಿತ್ತು. ಹಂಪಿಯನ್ನು 1999ರಿಂದ 2006ರವರೆಗೆ ಯುನೆಸ್ಕೊ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿ ಇಡಲು ಇಂತಹ ಸೇತುವೆಗಳೇ ಕಾರಣವಾಗಿದ್ದವು, ಶಿಲಾಸಾಕ್ಷಿಯವರಿಗೆ ಇದು ಗೊತ್ತಿರುತ್ತದೆ. ಈಗ ವಾಹನಗಳು ಬುಕ್ಕಸಾಗರ–ಕಡೇಬಾಗಿಲು ಸೇತುವೆಯ ಮೇಲಿಂದ ದಾಟುತ್ತವೆ. ಹರಿಗೋಲಿನಲ್ಲಿ ದಾಟುವುದು ಮಗಳಿಗೆ ಖುಷಿ ಕೊಟ್ಟೀತು, ಆದರೆ ಮೊಣಕಾಲು ನೋವಿರುವವರಿಗೆ ಅದರಲ್ಲಿ ಇಳಿದು ಕೂರುವುದೇ ಕಷ್ಟ. ಭಾನುವಾರ ಬೆಳಿಗ್ಗೆ, ಹಿಂದಿನ ರಾತ್ರಿ ಕಾರ್ಯಕ್ರಮ ನೋಡಿದ ಜನರೆಲ್ಲ ಇನ್ನೂ ಮಲಗಿರುವಾಗ, ಸೇತುವೆಯ ಮೂಲಕ ಹೋಗಿ ಗಗನ ಮಹಲ್ ನೋಡಿಕೊಂಡು ಮಧ್ಯಾಹ್ನದೊಳಗೆ ಹಿಂತಿರುಗಿ.

ರಾತ್ರಿಯ ವಿಷಯಕ್ಕೆ ಬಂದರೆ, ಗಜಶಾಲೆಯ ಆವರಣದಲ್ಲಿ ನಡೆಯುವ ಧ್ವನಿ ಮತ್ತು ಬೆಳಕಿನ ಪ್ರದರ್ಶನಕ್ಕೆ ತಂದೆ ತಾಯಿಯವರನ್ನು ಕರೆದೊಯ್ಯಿರಿ, ಕುಳಿತೇ ನೋಡಬಹುದು. ಮುಖ್ಯ ವೇದಿಕೆಯ ಕಾರ್ಯಕ್ರಮ ಮುಗಿಯುವವರೆಗೂ ಕಾಯಬೇಡಿ. ಅದು ಮುಗಿದೊಡನೆ ಹೊಸಪೇಟೆಯ ಕಡೆಗೆ ಹದಿಮೂರು ಕಿಲೋಮೀಟರ್ ಉದ್ದಕ್ಕೂ ವಾಹನಗಳು ಒಂದರ ಹಿಂದೊಂದು ನಿಲ್ಲುತ್ತವೆ. ಸ್ವಂತ ಕಾರನ್ನು ಬಿಟ್ಟು ಸಾರಿಗೆ ನಿಗಮದ ಬಸ್ಸಿನಲ್ಲಿ ಬಂದು ಹೋಗುವುದೂ ಒಂದು ದಾರಿ, ಆದರೆ ಹಿರಿಯರೊಂದಿಗೆ ರಾತ್ರಿಯ ಬಸ್ಸಿಗೆ ನುಗ್ಗಲಾಗದು. ಕಾರಿನಲ್ಲೇ ಬನ್ನಿ, ಕಮಲಾಪುರದ ಕಡೆಗೆ ಮುಖ ಮಾಡಿ ನಿಲ್ಲಿಸಿ, ಒಂಬತ್ತು ಗಂಟೆಯೊಳಗೆ ಹೊರಟುಬಿಡಿ.